ಪುಣೆಯಲ್ಲಿ ಹಿತ್ತಲಿನ ಶೆಡ್‌ಗೆ ಕರೆಂಟ್ ಎಳೆಸುವಾಗ

ಪುಣೆಯ ಸುತ್ತಮುತ್ತ ಪ್ಲಾಟ್ ಕೊಂಡು ಮನೆ ಕಟ್ಟಿದ ನಮ್ಮವರು ಹಲವರು ಹಿಂದುಗಡೆ ಒಂದು ತಗಡಿನ ಶೆಡ್ಡನ್ನೂ ಹಾಕಿಸಿರುತ್ತಾರೆ. ಅದರೊಳಗೆ ಪಂಪು, ವಾಷಿಂಗ್ ಮೆಷಿನ್. ಅದಕ್ಕೆ ಕರೆಂಟ್ ಮಾತ್ರ ಮನೆಯ ಯಾವುದೋ ಸಾಕೆಟ್‌ನಿಂದ, ಎರಡೆಳೆ ವೈರಿನಲ್ಲಿ, ಪೇರಲ ಮರದ ಮೇಲಿಂದ! ಗಾಳಿಗೆ ಅಲ್ಲಾಡಿ ವೈರಿನ ಮೇಲ್ಪದರ ತಗಡಿನ ಅಂಚಿಗೆ ಸವೆದರೆ ಇಡೀ ಶೆಡ್ಡಿಗೆ 230 ವೋಲ್ಟ್ ಬರುತ್ತದೆ. ಅರ್ಥಿಂಗ್, ಅಂದರೆ ನೆಲಕ್ಕೆ ಇಳಿಸಿದ ತಂತಿ, ಇಲ್ಲದಿದ್ದರೆ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಲೈನ್ ಕಡಿಯುವ ಸ್ವಿಚ್) ಬೀಳುವುದೂ ಇಲ್ಲ. ಮಳೆಯಲ್ಲಿ ಬರಿಗಾಲಲ್ಲಿ ಬಂದು ಬಾಗಿಲು ಮುಟ್ಟಿದವರ ಗತಿ?

ಮೊದಲು ಕಾಗದಪತ್ರ. ನಮ್ಮ ಕಡೆ ಹೆಸ್ಕಾಂ, ಬೆಸ್ಕಾಂ ಇದ್ದಂತೆ ಇಲ್ಲಿ ಮಹಾವಿತರಣ. ಮರಾಠಿ ಬಿಲ್ಲಿನಲ್ಲಿ ‘ಮಂಜೂರ್ ಭಾರ್’, ಅಂದರೆ ಮಂಜೂರಾದ ಲೋಡ್, ಎಷ್ಟು ಕಿಲೋವ್ಯಾಟ್ ಇದೆ ನೋಡಿ. ಶೆಡ್ಡಿನದೂ ಸೇರಿ ಅದು ಮೀರುವಂತಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್‌ಗೇ ಕೊಟ್ಟು ಟೆಸ್ಟ್ ರಿಪೋರ್ಟ್ ಪಡೆಯಿರಿ. ಶೆಡ್ಡನ್ನು ಅಂಗಡಿಗೆ ಬಾಡಿಗೆ ಕೊಡುವ ಯೋಚನೆ ಇದ್ದರೆ ಬೇರೆ ಮೀಟರೇ ವಾಸಿ. ಮನೆಯ ದರದ ಕರೆಂಟನ್ನು ವ್ಯಾಪಾರಕ್ಕೆ ಬಳಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ಕಟ್ಟಬೇಕಾಗುತ್ತದೆ.

ಲೈನ್ ಸಾಕೆಟ್‌ನಿಂದ ಬೇಡ, ಮನೆಯ ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಪ್ರತ್ಯೇಕ ಎಂಸಿಬಿಯಿಂದ ಹೊರಡಲಿ. ನೆಲದಡಿ ಆರ್ಮರ್ಡ್ ಕೇಬಲ್, ಅಂದರೆ ಲೋಹದ ಕವಚ ಇರುವ ಕೇಬಲ್, ಒಳ್ಳೆಯದು. ಮುಕ್ಕಾಲು ಮೀಟರ್ ಆಳ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ. ಗುಂಡಿ ತೋಡುವವರು ಒಂದಡಿಗೇ ‘ಬಸ್’, ಸಾಕು ಅನ್ನುತ್ತಾರೆ, ಒಪ್ಪಬೇಡಿ. ಕೇಬಲ್ಲಿನ ದಪ್ಪದ ವಿಷಯದಲ್ಲೂ ಜಿಪುಣತನ ಬೇಡ. ಮೂವತ್ತು ಮೀಟರ್ ದೂರಕ್ಕೆ 16 ಆಂಪ್ ಹರಿದರೆ 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್‌ನಲ್ಲಿ ಎಂಟೊಂಬತ್ತು ವೋಲ್ಟ್ ಇಳಿಯುತ್ತದೆ, 4ರದ್ದಾದರೆ ಐದರಷ್ಟು.

ಜಾಸ್ತಿ ಜಗಳ ಆಗುವುದು ಅರ್ಥಿಂಗ್ ವಿಷಯಕ್ಕೆ. ವೈರ್‌ಮನ್‌ಗೆ ‘ವೇಗಳಂ ಅರ್ಥಿಂಗ್ ಪಾಹಿಜೆ’, ಬೇರೆಯದೇ ಅರ್ಥಿಂಗ್ ಬೇಕು ಎಂದು ಮೊದಲೇ ಹೇಳಿ. ಶೆಡ್ಡಿನ ಪಕ್ಕ ಅರ್ಥ್ ಪಿಟ್, ಅಂದರೆ ಅರ್ಥಿಂಗ್‌ಗೆಂದೇ ಲೋಹ ಹೂತ ಗುಂಡಿ, ಇರಬೇಕು. ಮನೆಯಿಂದ ಬರುವ ಹಸಿರು ತಂತಿ, ತಗಡು, ಕಬ್ಬಿಣದ ಕಂಬ ಎಲ್ಲವೂ ಅದಕ್ಕೆ ಸೇರಬೇಕು. ಕೆಲವರು ಪಿಟ್ ಖರ್ಚು ಉಳಿಸಲು ಶೆಡ್ಡಿನಲ್ಲೇ ನ್ಯೂಟ್ರಲ್‌ಗೆ (ಕರೆಂಟ್ ಮರಳುವ ತಂತಿ) ಅರ್ಥ್ ಕಟ್ಟಿಬಿಡುತ್ತಾರೆ. ಮುಂದೆಂದೋ ನ್ಯೂಟ್ರಲ್ ತುಂಡಾದರೆ ಮೆಷಿನ್ನಿನ ಮೈಗೆಲ್ಲ ಕರೆಂಟ್ ಬರುತ್ತದೆ.

ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ. ಕರೆಂಟ್ ಸೋರಿದಾಗ ಲೈನ್ ಕಡಿಯುವ ಸ್ವಿಚ್ ಇದು. ಬರೀ ಸೋರಿಕೆ ಹಿಡಿಯುತ್ತದೆ, ಲೋಡ್ ಮೀರಿದರೆ ಬೀಳುವುದಿಲ್ಲ. ಹಾಗಾಗಿ ಎಂಸಿಬಿಯೂ ಬೇಕೇ ಬೇಕು. ಜುಲೈನ ಮಳೆಯಲ್ಲಿ ಆರ್‌ಸಿಸಿಬಿ ಪದೇ ಪದೇ ಬಿದ್ದರೆ ‘ಕಾಢೂನ್ ಟಾಕಾ ಸಾಹೇಬ್’, ತೆಗೆದುಬಿಡಿ ಅನ್ನುವ ಮಹಾಶಯರು ಸಿಗುತ್ತಾರೆ. ತೆಗೆಯಬೇಕಾದವರು ಅವರೇ, ಕೆಲಸದಿಂದ! ಎಲ್ಲೋ ನೀರು ನುಗ್ಗಿದೆ, ಅದನ್ನು ಹುಡುಕಿಸಿ. ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡುತ್ತಿರಿ.

ಮುಂಬೈ ನಗರದೊಳಗಾದರೆ ಬೆಸ್ಟ್, ಉಪನಗರಗಳಲ್ಲಿ ಹೆಚ್ಚಾಗಿ ಅದಾನಿ ಅಥವಾ ಟಾಟಾ, ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆ. ಅರ್ಜಿ ಹೋಗುವ ಕಚೇರಿ ಬೇರೆ, ಅಷ್ಟೇ. ಮೀಟರಿನ ಸೀಲನ್ನಂತೂ ಎಲ್ಲೇ ಆದರೂ ವೈರ್‌ಮನ್ ಕೈಯಲ್ಲಿ ಮುಟ್ಟಿಸಬೇಡಿ.