ನಕ್ಷೆಯ ಪ್ಲಾಟ್‌ನಲ್ಲಿ (ಮುದ್ರಿತ ಪ್ರತಿಯಲ್ಲಿ) ಕೆಲಸದ ಒಂದು ಹಂತ ಮಾತ್ರ ಎದ್ದು ಕಾಣಬೇಕೆ?
ಆಟೋಕ್ಯಾಡ್‌ನಲ್ಲಿ ಬೇಕಾದ ಹಂತದ ಗೆರೆಗಳನ್ನು ದಪ್ಪ ಮಾಡುವುದಕ್ಕಿಂತ ಉಳಿದವನ್ನು ಮಸುಕು ಮಾಡುವುದೇ ಲೇಸು. ಪ್ರತಿ ಹಂತಕ್ಕೂ ಪ್ರತ್ಯೇಕ ಲೇಯರ್‌ಗಳಿರಲಿ.

ಯಾವ ಬಣ್ಣ ಕಾಗದದಲ್ಲಿ ಹೇಗೆ ಅಚ್ಚಾಗಬೇಕೆಂದು ಹೇಳುವ ಮಾನೋಕ್ರೋಮ್ ಸಿಟಿಬಿ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, 8ನೇ ಬಣ್ಣದ (ಬೂದು) ಸ್ಕ್ರೀನಿಂಗನ್ನು, ಅಂದರೆ ಶಾಯಿಯ ಗಾಢತೆಯನ್ನು, 100ರಿಂದ 40ಕ್ಕೆ ಇಳಿಸಿ. ಮೂಲ ಫೈಲಿನಲ್ಲಿ ಎಲ್ಲ ಬಣ್ಣಕ್ಕೂ 100 ಇರುವುದರಿಂದ ಪರದೆಯ ಬೂದು ಗೆರೆಯೂ ಕಾಗದದಲ್ಲಿ ಅಚ್ಚಗಪ್ಪು. ಪೇಜ್ ಸೆಟಪ್‌ನಲ್ಲಿ ಹೊಸ ಫೈಲನ್ನೇ ಆರಿಸಿ.

ಲೇಔಟ್‌ನಲ್ಲಿ (ಮುದ್ರಣದ ಹಾಳೆಯಲ್ಲಿ) ನಕ್ಷೆ ಕಾಣುವ ಚೌಕಟ್ಟಾದ ವ್ಯೂಪೋರ್ಟ್ ಒಳಗೆ ಡಬಲ್ ಕ್ಲಿಕ್ ಮಾಡಿ, ಲೇಯರ್ ಪಟ್ಟಿಯಲ್ಲಿ ಉಳಿದ ಹಂತಗಳ ಲೇಯರ್‌ಗಳಿಗೆ 'ವಿಪಿ ಕಲರ್' (ಆ ವ್ಯೂಪೋರ್ಟ್‌ಗೆ ಮಾತ್ರ ಅನ್ವಯಿಸುವ ಬಣ್ಣ) 8 ಕೊಡಿ. ಬರೀ 'ಕಲರ್' ಕಾಲಂ ಬದಲಿಸಿದರೆ ಎಲ್ಲ ಶೀಟ್‌ಗಳೂ ಮಸುಕಾಗುತ್ತವೆ, ದಯವಿಟ್ಟು ಅದನ್ನು ಮುಟ್ಟಬೇಡಿ.

ಆಮೇಲೂ ಕೆಲವು ಗೆರೆ ಕಪ್ಪಾಗಿಯೇ ಬಂದರೆ, ಅವುಗಳ ಬಣ್ಣ 'ಬೈಲೇಯರ್' (ಲೇಯರ್‌ನದೇ ಬಣ್ಣ) ಆಗಿಲ್ಲ. ಸೆಟ್‌ಬೈಲೇಯರ್ ಕಮಾಂಡ್ ಕೊಡಿ; ಬ್ಲಾಕ್‌ಗಳನ್ನೂ (ಒಂದೇ ವಸ್ತುವಾಗಿ ಕೂಡಿಸಿಟ್ಟ ಗೆರೆಗಳನ್ನೂ) ಸೇರಿಸಬೇಕೇ ಎಂದಾಗ ಹೌದೆನ್ನಿ.