ಹಣ್ಣಿನ ಗುರಿಯ ಮೇಲೆ .22 ಮತ್ತು .32: ಹೋಲಿಸುವ ಸರಿಯಾದ ಕ್ರಮ

ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನೋಡುತ್ತ ಬೆಳೆದ ಕೊಡಗಿನವರಿಗೆ ಕಾಯಿ ಒಡೆಯಿತೇ ಇಲ್ಲವೇ ಎಂಬುದೇ ಮುಖ್ಯ. ಎರಡು ಕ್ಯಾಲಿಬರ್‌ಗಳ (ಅಂದರೆ .22, .32 ಎಂದು ಅಂಗುಲದ ಭಾಗಗಳಲ್ಲಿ ಹೇಳುವ ಗುಂಡಿನ ವ್ಯಾಸಗಳ) ಪರಿಣಾಮವನ್ನು ಹಣ್ಣಿನ ಮೇಲೆ ಹೋಲಿಸಲು ಈ ಅಳತೆ ಸಾಲದು. ಹಣ್ಣು ಸಿಡಿದದ್ದು ಗುಂಡಿನ ಬಲದಿಂದಲೋ ಹಣ್ಣು ಅತಿಯಾಗಿ ಮಾಗಿದ್ದರಿಂದಲೋ ಎಂಬುದನ್ನು ಬೇರ್ಪಡಿಸಲು ಆಗದಿದ್ದರೆ, ಆ ಪ್ರಯೋಗದಿಂದ ತಿಳಿಯುವುದು ಏನೂ ಇಲ್ಲ.

ಮೊದಲು ಕಾನೂನಿನ ಮಾತು. ಕೊಡವ ಜನಾಂಗದವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ವಿಸ್ತರಿಸಲಾಗಿದೆ. ಆದರೆ ಅದು ಕಂಡಕಂಡಲ್ಲಿ ಗುಂಡು ಹಾರಿಸಲು ಕೊಟ್ಟ ಅನುಮತಿಯಲ್ಲ. ಅಜಾಗರೂಕತೆಯಿಂದ ಸಂಭ್ರಮಕ್ಕೆ ಗುಂಡು ಹಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಶಿಕ್ಷಾರ್ಹ. 9 ಮಿ.ಮೀ. ಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಒಳಗಾತ್ರ) ಆದ್ದರಿಂದ, ಇಲ್ಲಿ ಕೈಯಾರೆ ಹೋಲಿಸಲು ಆರಿಸಿಕೊಂಡಿರುವುದು .22 ಪಿಸ್ತೂಲು ಮತ್ತು .32 ರಿವಾಲ್ವರ್. ಅದನ್ನೂ ಅಧಿಕೃತ ಶೂಟಿಂಗ್ ರೇಂಜಿನಲ್ಲಿ, ಅಲ್ಲಿನ ಮೇಲ್ವಿಚಾರಕರ ಒಪ್ಪಿಗೆ ಪಡೆದು, ಅವರ ಎದುರಿನಲ್ಲೇ ಮಾಡಬೇಕು.

ಹೆಚ್ಚಿನ ಶ್ರಮ ಹಣ್ಣಿನ ಆಯ್ಕೆಗೆ ಸಲ್ಲಬೇಕು. ನನ್ನ ಅಭಿಪ್ರಾಯದಲ್ಲಿ ಕಿತ್ತಳೆ ಈ ಕೆಲಸಕ್ಕೆ ಒಳ್ಳೆಯದು, ಏಕೆಂದರೆ ನಮ್ಮ ಕಾಫಿ ತೋಟಗಳಲ್ಲಿ ಒಂದೇ ಮರದಿಂದ ಒಂದೇ ಗಾತ್ರದ ಹತ್ತು ಹಣ್ಣು ಆರಿಸುವುದು ಕಷ್ಟವಲ್ಲ. ಪ್ರತಿ ಹಣ್ಣನ್ನೂ ತಕ್ಕಡಿಯಲ್ಲಿ ತೂಗಿ, ಹತ್ತು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿರುವುದನ್ನು ಬದಿಗಿಡಿ. ಕಲ್ಲಂಗಡಿಯಲ್ಲಿ ನೀರು ಹೆಚ್ಚು, ಸಿಪ್ಪೆ ಬಿಗಿ. ಗುಂಡು ಹಾದುಹೋಗುವಾಗ ಪಕ್ಕಕ್ಕೆ ಒತ್ತಲ್ಪಟ್ಟ ನೀರು ಸಂಕುಚಿತಗೊಳ್ಳಲಾರದು, ಬಿಗಿಯಾದ ಸಿಪ್ಪೆ ಹಿಗ್ಗಲಾರದು, ಹಾಗಾಗಿ ಅದು ಬಿರಿಯುತ್ತದೆ. ಚೆನ್ನಾಗಿ ಮಾಗಿದ ಬೆಣ್ಣೆಹಣ್ಣಿನಲ್ಲಾದರೋ ಮೆತ್ತನೆಯ ತಿರುಳು ಸರಿದು ಗುಂಡಿಗೆ ದಾರಿ ಬಿಡುತ್ತದೆ. ಆದ್ದರಿಂದ ಒಂದು ಕ್ಯಾಲಿಬರನ್ನು ಕಲ್ಲಂಗಡಿಯ ಮೇಲೂ ಇನ್ನೊಂದನ್ನು ಬೆಣ್ಣೆಹಣ್ಣಿನ ಮೇಲೂ ಪರೀಕ್ಷಿಸಿ ಹೋಲಿಸುವುದು ತಪ್ಪು. ಸುಲಿಯದ ತೆಂಗಿನಕಾಯಿ ಇನ್ನೂ ಗೊಂದಲ ತರುತ್ತದೆ. ನಾರಿನ ದಪ್ಪ ಕಾಯಿಯಿಂದ ಕಾಯಿಗೆ ಬೇರೆಯಾಗಿರುತ್ತದೆ.

ಹಣ್ಣನ್ನು ಕಬ್ಬಿಣದ ಮೇಲಾಗಲಿ ಬಂಡೆಯ ಮುಂದಾಗಲಿ ಇಡಬಾರದು, ಏಕೆಂದರೆ ಸೀಸದ ಗುಂಡು ಗಟ್ಟಿ ಮೈಗೆ ತಾಗಿ ಎತ್ತಲೋ ಚಿಮ್ಮಬಹುದು. ಮರದ ಹಲಗೆಯ ಮೇಲಿಟ್ಟು, ಹಿಂದೆ ಕಲ್ಲಿಲ್ಲದ ಎತ್ತರದ ಮಣ್ಣಿನ ದಿಬ್ಬ ಇರುವುದನ್ನು ಖಚಿತಪಡಿಸಿಕೊಳ್ಳಿ. ಹತ್ತು ಮೀಟರ್ ದೂರ ಸಾಕು. ಕಣ್ಣು ಮತ್ತು ಕಿವಿಯ ರಕ್ಷಣೆ ನೋಡುವವರಿಗೂ ಕಡ್ಡಾಯ. ಎರಡರಲ್ಲೂ ಒಂದೇ ಬಗೆಯ ದುಂಡುಮೂತಿಯ ಸೀಸದ ಗುಂಡನ್ನೇ ಬಳಸಿ. ಒಂದರಲ್ಲಿ ಟೊಳ್ಳುಮೂತಿಯದನ್ನು ಬಳಸಿದರೆ ಅದು ಅರಳಿ, ಕ್ಯಾಲಿಬರಿನ ಬದಲು ಗುಂಡಿನ ಆಕಾರದ ಪರೀಕ್ಷೆಯಾಗಿಬಿಡುತ್ತದೆ.

ಪ್ರತಿ ಕ್ಯಾಲಿಬರಿಗೆ ಕನಿಷ್ಠ ಐದು ಹಣ್ಣು ಇರಲಿ. ನಡುವಿಗೆ ಬೀಳದ ಹೊಡೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಳಹೊಕ್ಕ ತೂತಿನ ಅಗಲ, ಹೊರಬಿದ್ದ ತೂತಿನ ಅಗಲ, ಉಳಿದ ದೊಡ್ಡ ತುಂಡಿನ ತೂಕ, ಚೂರುಗಳು ಹಾರಿದ ದೂರ ಇಷ್ಟನ್ನು ಆಗಲೇ ಬರೆದುಕೊಳ್ಳಿ. ಮೊಬೈಲಿನ ನಿಧಾನಗತಿಯ ವಿಡಿಯೊ ನೆರವಾಗುತ್ತದೆ.

ಅಂಕಿಗಳನ್ನು ನೋಡೋಣ. .22 ಲಾಂಗ್ ರೈಫಲ್ (ಪಿಸ್ತೂಲಿನಲ್ಲೂ ಬಳಸುವ ತೋಟೆಯ ಹೆಸರು) ಗುಂಡು ಸುಮಾರು 2.6 ಗ್ರಾಂ, ಪಿಸ್ತೂಲಿನಿಂದ ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ 117 ಜೂಲ್. .32 ರಿವಾಲ್ವರಿನ 6.35 ಗ್ರಾಂ ಗುಂಡು ಸೆಕೆಂಡಿಗೆ 215 ಮೀಟರ್ ವೇಗದಲ್ಲಿ 147 ಜೂಲ್ ಹೊಂದಿರುತ್ತದೆ. ಶಕ್ತಿಯ ಅಂತರ ಕಾಲು ಭಾಗದಷ್ಟೇ. ಆದರೆ ತೂಕ ಎರಡೂವರೆ ಪಟ್ಟಿಗೆ ಹತ್ತಿರವಿರುವುದರಿಂದಲೂ, ವ್ಯಾಸ 5.6 ಮಿ.ಮೀ. ಬದಲು 7.9 ಮಿ.ಮೀ. ಇರುವುದರಿಂದಲೂ .32 ಅಗಲವಾದ ದಾರಿಯನ್ನು ಕೊರೆಯುತ್ತದೆ. ಕಾಗದದ ಮೇಲಿನ ಲೆಕ್ಕದಲ್ಲಿ ಈ ಪಾಠ ಇನ್ನೂ ಸ್ಪಷ್ಟ: 8 ಗ್ರಾಮಿನ 9 ಮಿ.ಮೀ. ಗುಂಡು 350 ಮೀಟರ್ ವೇಗದಲ್ಲೂ, 14.9 ಗ್ರಾಮಿನ .45 ಗುಂಡು 255 ಮೀಟರ್ ವೇಗದಲ್ಲೂ ಹೆಚ್ಚುಕಡಿಮೆ ಒಂದೇ ಶಕ್ತಿ, ಅಂದರೆ 490 ಜೂಲಿನ ಆಸುಪಾಸು, ಹೊಂದಿರುತ್ತವೆ. ಆದ್ದರಿಂದ ಜೂಲ್ ಒಂದನ್ನೇ ನಂಬಿ ಫಲಿತಾಂಶವನ್ನು ಊಹಿಸಬೇಡಿ. ಹಣ್ಣಿಗೆ ಮಾಂಸಖಂಡದ ಹಿಗ್ಗುವ ಗುಣವಿಲ್ಲವಾದ್ದರಿಂದ, ಅಲ್ಲಿ ಕಂಡದ್ದನ್ನು ಪ್ರಾಣಿಯ ದೇಹಕ್ಕೆ ಅನ್ವಯಿಸುವುದೂ ಸರಿಯಲ್ಲ.

ಮುಗಿದ ಮೇಲೆ ಆಯುಧ ಖಾಲಿಯಾಗಿರುವುದನ್ನು ಇಬ್ಬರು ನೋಡಿ ಖಚಿತಪಡಿಸಿಕೊಂಡ ನಂತರವೇ ಗುರಿಯ ಬಳಿಗೆ ಹೋಗಿ. ಚೂರುಗಳಲ್ಲಿ ಸೀಸ ಇರುವುದರಿಂದ ದನಕ್ಕಾಗಲಿ ಹಂದಿಗಾಗಲಿ ಹಾಕಬೇಡಿ. ಹಾಗೆಯೇ ಬಿಟ್ಟು ಬಂದರೆ ಹಣ್ಣಿನ ವಾಸನೆಗೆ ರಾತ್ರಿ ಆನೆ ಬರುವ ಜಾಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಲ್ಲವನ್ನೂ ಚೀಲಕ್ಕೆ ತುಂಬಿ, ಗುಂಡಿನ ಸೀಸವನ್ನು ಬೇರೆ ಆರಿಸಿ, ರೇಂಜಿನವರಿಗೆ ಒಪ್ಪಿಸಿ.