ಶಟರ್‌ಗೆ ಎಣ್ಣೆ ಎಲ್ಲಿ ಹಾಕಬಾರದು

ದಾವಣಗೆರೆ ವಿದ್ಯಾನಗರದ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ ಗೇಟ್ ಇಟ್ಟವರೇ ಜಾಸ್ತಿ. ನಮ್ಮದು ರೋಲಿಂಗ್ ಶಟರ್. 30×40 ಸೈಟಿನಲ್ಲಿ ಗೇಟಿನ ರೆಕ್ಕೆ ಒಳಗೆ ತೆರೆದರೆ ಕಾರಿಗೆ ತಾಗುತ್ತದೆ, ಹೊರಗೆ ತೆರೆದರೆ ಚರಂಡಿ ಮೇಲಿನ ಕಲ್ಲಿಗೆ ಬಡಿಯುತ್ತದೆ. ಅಂಗಡಿ ಶಟರೇ ಸರಿ ಅಂತ ಹಾಕಿಸಿದೆವು. ಅದರ ದೇಖರೇಖಿ ಅಂದಿನಿಂದ ನನ್ನದೇ.

ಶಟರ್ ಬಿಗಿಯಾಯಿತು ಅಂದ ಕೂಡಲೇ ಜನ ಮಾಡೋದು ಒಂದೇ ಕೆಲಸ. ಗ್ಯಾರೇಜಿನಿಂದ ಹಳೇ ಇಂಜಿನ್ ಆಯಿಲ್ ತಂದು ಎರಡೂ ಕಡೆ ಶಟರಿನ ಅಂಚು ಜಾರೋ ಚಾನಲ್‌ಗೆ ಸುರಿಯುತ್ತಾರೆ. ಕೆಲವು ದಿನ ಸಲೀಸಾಗಿ ಜಾರುತ್ತದೆ, ಇಲ್ಲ ಅನ್ನಲ್ಲ. ಆಮೇಲೆ ರಸ್ತೆ ಧೂಳೆಲ್ಲ ಆ ಎಣ್ಣೆಗೆ ಅಂಟಿಕೊಂಡು ಕಪ್ಪು ಜಿಗುಟಾಗುತ್ತದೆ. ಗ್ರೀಸ್ ಹಚ್ಚಿದರೆ ಇನ್ನೂ ಕಷ್ಟ. ನನ್ನ ಪ್ರಕಾರ ಚಾನಲ್ ಒಣಗಿರಬೇಕು, ಚೊಕ್ಕ ಇರಬೇಕು. ಅಷ್ಟೇ.

ಚೊಕ್ಕ ಅಂದರೆ ಬುಡದವರೆಗೂ ಚೊಕ್ಕ. ಮೊಣಕಾಲೂರಿ ಕೂತು ಚಾನಲ್ ಬುಡಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನಮ್ಮಲ್ಲಿ ಸಿಗೋದು ರಂಗೋಲಿ ಪುಡಿ! ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಮರುದಿನ ಗುಡಿಸುವಾಗ ಆ ಪುಡಿ ಮೂಲೆಗೆ ಸರಿಯುತ್ತದೆ. ನೀರು, ಮಣ್ಣು ಕಲೆತು ಚಾನಲ್ ಒಳಗೆ ಗಟ್ಟಿಯಾಗಿ ಕೂರುತ್ತದೆ. ಆಗ ಶಟರ್ ಒಂದು ಕಡೆ ನೆಲ ಮುಟ್ಟುತ್ತದೆ, ಇನ್ನೊಂದು ಕಡೆ ಬೆರಳು ತೂರುವಷ್ಟು ಎದ್ದು ನಿಲ್ಲುತ್ತದೆ. ಬೀಗದ ನಾಲಿಗೆ ತೂತಿಗೆ ಕೂರುವುದಿಲ್ಲ. ಬೀಗ ಹಾಳಾಯಿತು ಅಂತ ಹೊಸದು ತರಲು ಹೊರಡುವವರು ಮೊದಲು ಬುಡ ನೋಡಿ.

ಹಳೇ ಸ್ಕ್ರೂಡ್ರೈವರ್‌ನಿಂದ ಗಟ್ಟಿ ಮಣ್ಣು ಕೆದಕುತ್ತೇನೆ. ಆಮೇಲೆ ಟೂತ್‌ಬ್ರಶ್. ಹಳೇ ಜಿಗುಟಿದ್ದರೆ ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒರೆಸಬಹುದು, ಆದರೆ ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ? ಟರ್ಪಂಟೈನ್ ನಡೆಯುತ್ತದೆ. ಒಣಗಿದ ಮೇಲೆ ಚಾನಲ್ ಒಳಮೈಗೆ ಮೇಣದ ಬತ್ತಿ ಉಜ್ಜಿದರೆ ಸಾಕು, ಖರ್ಚೇ ಇಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಮನೆಯಾದರೆ ಮಾತ್ರ ಬೇಡ. ನಮ್ಮೂರ ಏಪ್ರಿಲ್ ಬಿಸಿಲಿಗೆ ಕಬ್ಬಿಣ ಕಾದು ಮೇಣ ಮೆತ್ತಗಾಗುತ್ತದೆ, ಮತ್ತೆ ಧೂಳು ಹಿಡಿಯುತ್ತದೆ. ಅಲ್ಲಿಗೆ ಸಿಲಿಕಾನ್ ಸ್ಪ್ರೇ ಒಳ್ಳೆಯದು. ಅದು ಬೇಗ ಒಣಗುತ್ತದೆ.

ಚಾನಲ್ ಚೊಕ್ಕ ಇದ್ದೂ ಶಟರ್ ಕಿರ್ರೋ ಅಂದರೆ ಪಟ್ಟಿಗಳ ತುದಿ ನೋಡಿ. ಒಂದರೊಳಗೊಂದು ಸಿಕ್ಕಿಸಿದ ಪಟ್ಟಿಗಳು ಬರಬರುತ್ತಾ ಪಕ್ಕಕ್ಕೆ ಸರಿಯುತ್ತವೆ. ತುದಿ ಚಾನಲ್‌ಗೆ ಉಜ್ಜಿ ಆ ಜಾಗ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಲ್ಪಸ್ವಲ್ಪ ಸರಿದಿದ್ದರೆ ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಬಹುದು. ಸುತ್ತಿಗೆಯಿಂದ ನೇರ ಹೊಡೆದರೆ ಪಟ್ಟಿ ಬಾಗುತ್ತದೆ. ಪಟ್ಟಿ ಸರಿಯದಂತೆ ಹಿಡಿಯೋ ತುದಿಯ ಲಾಕ್ ಕಿತ್ತು ಹೋಗಿದ್ದರೆ ರಿವೆಟ್ ಹೊಡೆಸಲೇಬೇಕು.

ಇನ್ನು ಸ್ಪ್ರಿಂಗ್. ಪರೀಕ್ಷೆ ಸುಲಭ. ಶಟರ್ ಅನ್ನು ಸೊಂಟದೆತ್ತರಕ್ಕೆ ಎತ್ತಿ, ಕಾಲು ದೂರ ಇಟ್ಟು, ಕೈ ನಿಧಾನ ಸಡಿಲಿಸಿ. ಅಲ್ಲೇ ನಿಂತರೆ ಸರಿ ಇದೆ. ದಡಕ್ಕನೆ ಇಳಿದರೆ ಸ್ಪ್ರಿಂಗ್ ಸಡಿಲವಾಗಿದೆ. ತಾನೇ ಮೇಲಕ್ಕೆ ಓಡಿದರೆ ಜಾಸ್ತಿ ಬಿಗಿದಿದ್ದಾರೆ. ಇಷ್ಟು ತಿಳಿದುಕೊಂಡು ಮೇಸ್ತ್ರಿಗೆ ಫೋನ್ ಮಾಡುತ್ತೇನೆ, ಮುಂದಿನದ್ದಕ್ಕೆ ನಾನು ಕೈ ಹಾಕುವುದಿಲ್ಲ. ಮೇಲಿನ ಪೈಪಿನ ಸುತ್ತ ಸ್ಪ್ರಿಂಗ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಶಟರಿನ ಭಾರ ಹೊರೋದೇ ಅದು. “ಸಾರ್, ಏನಾರ ಮಾಡ್ಕಳ್ಳಿ, ಆ ಪೈಪಿನ ಬೋಲ್ಟಿಗೆ ಮಾತ್ರ ಸ್ಪ್ಯಾನರ್ ಹಾಕಬ್ಯಾಡ್ರಿ. ಗಿರ್ರಂತ ತಿರುಗಿದ್ರೆ ಕೈ ಹೋಗ್ತದೆ” ಅಂತ ನಮ್ಮ ಮೇಸ್ತ್ರಿ ಹೇಳಿದ್ದು ಸುಮ್ನೆ ಅಲ್ಲ. ಒಂದು ಸ್ಪ್ರಿಂಗ್ ಮುರಿದರೆ ಅವರು ಎಲ್ಲ ಸ್ಪ್ರಿಂಗನ್ನೂ ಬದಲಿಸಿ ಅನ್ನುತ್ತಾರೆ. ದುಡ್ಡು ಕೀಳೋಕೆ ಅಂದುಕೊಳ್ಳಬೇಡಿ, ಎಲ್ಲವೂ ಒಟ್ಟಿಗೇ ಸವೆದಿರುತ್ತವೆ. ಬೇರಿಂಗ್ ಇದ್ದರೆ ಗ್ರೀಸ್ ಬೇಕಾಗೋದು ಅದಕ್ಕೆ. ಮೇಸ್ತ್ರಿ ಬಂದಾಗಲೇ ಹಾಕಿಸಿಬಿಡಿ.

ಬೀಗಕ್ಕೂ ಎಣ್ಣೆ ಬೇಡ. ಪೆನ್ಸಿಲ್ ಕಡ್ಡಿ ಪುಡಿ ಮಾಡಿ ಊದಿ, ಕೀ ಎರಡು ಸಲ ಆಡಿಸಿ.

ತುಕ್ಕು ಹಿಡಿಯೋದು ಮೊದಲು ಕೆಳಗಿನ ಪಟ್ಟಿಗೆ, ಅದೂ ಬಾಗಿಲಿಗೆ ಹಾಕೋ ನೀರಿಂದಲೇ. ಆಯುಧ ಪೂಜೆಗೆ ಹೇಗೂ ಗಾಡಿ ತೊಳೆಯುತ್ತೇವಲ್ಲ, ಆಗಲೇ ಎಮರಿ ಪೇಪರ್ ಉಜ್ಜಿ, ರೆಡಾಕ್ಸೈಡ್ ಹೊಡೆದು, ಮೇಲೊಂದು ಎನಾಮಲ್ ಕೊಡುತ್ತೇನೆ. ಪಟ್ಟಿಗಳ ಸಂದಿಗೆ ಬಣ್ಣ ಇಳಿಸಬೇಡಿ. ಒಣಗಿದರೆ ಪಟ್ಟಿ ಪಟ್ಟಿಗೆ ಅಂಟಿಕೊಳ್ಳುತ್ತದೆ. ಬಣ್ಣ ಪೂರ್ತಿ ಒಣಗೋವರೆಗೆ ಶಟರ್ ಎತ್ತಬಾರದು. ಕಾರನ್ನು ಹಿಂದಿನ ರಾತ್ರಿಯೇ ಹೊರಗೆ ನಿಲ್ಲಿಸಿಕೊಳ್ಳಿ.

ನಮ್ಮ ಭಾಮೈದ ಚಿತ್ರದುರ್ಗದಲ್ಲಿ ಮೋಟಾರ್ ಶಟರ್ ಹಾಕಿಸಿದ್ದಾನೆ. ಅಲ್ಲಿನ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆಯೇ? ಆಷಾಢದಲ್ಲಿ ಶಟರ್ ರಾತ್ರಿಯೆಲ್ಲ ದಡದಡ ಅನ್ನುತ್ತದೆ. ಹೊಟ್ಟೆ ಉಬ್ಬಿ ಪಟ್ಟಿಯ ತುದಿ ಚಾನಲ್ ಬಿಟ್ಟು ಬಂದರೆ ಮೋಟಾರ್ ಒತ್ತಿದಾಗ ಎಲ್ಲ ಸೊಟ್ಟಗಾಗುತ್ತದೆ. “ಭಾವ, ಸ್ವಿಚ್ ಒತ್ತಿದ್ರೆ ಆಯ್ತು, ಇದಕ್ಕೇನು ನೋಡ್ಕೊಳೋದು?” ಅಂತಿದ್ದ. ಈಗ ಜೋರು ಗಾಳಿ ಬೀಸಿದ ಮರುದಿನ ಎರಡೂ ಅಂಚು ನೋಡಿಯೇ ಸ್ವಿಚ್ ಒತ್ತುತ್ತಾನೆ. ಕರೆಂಟ್ ಹೋದಾಗ ಎಳೆಯೋಕೆ ಮೋಟಾರಿನ ಪಕ್ಕ ಕೈಚೈನ್ ಇರುತ್ತದೆ. ಅದನ್ನು ಮನೆಯವರೆಲ್ಲ ಒಂದೊಂದು ಸಲ ಎಳೆದು ನೋಡಿರಬೇಕು. ಅವನ ಮನೆಯಲ್ಲಿ ಚೈನ್ ಮುಂದೆ ಹಳೇ ಪೇಪರ್ ಮೂಟೆಗಳನ್ನು ಒಟ್ಟಿದ್ದರು, ಅವನ್ನು ಗುಜರಿಗೆ ಕಳಿಸಿದ್ದಾಯಿತು.